ಲೆಡ್ಜರಿನಿಂದ ಮೋಡಕ್ಕೆ: ಲೆಕ್ಕದ ಪುಸ್ತಕ ಊರು ಬಿಟ್ಟ ಕಥೆ

ಪುತ್ತೂರು, ಸುಳ್ಯ, ಕಡಬ ಸೀಮೆಯ ಕೃಷಿಕನಿಗೆ ಮೋಡ ಎಂದರೆ ಮೊದಲು ನೆನಪಾಗುವುದು ಆಟಿ ತಿಂಗಳ ಆಕಾಶ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಲು ಒಂದು ದಿನದ ಬಿಸಿಲನ್ನೂ ಕೊಡದ ಮೋಡ ಅದು. ಈಗ ಅದೇ ಹೆಸರಿನ ಇನ್ನೊಂದು ಮೋಡ ಅವನ ವ್ಯವಹಾರದೊಳಗೆ ಸೇರಿಕೊಂಡಿದೆ. ಸಹಕಾರಿ ಸಂಘದಲ್ಲಿ ಅವನು ಕಟ್ಟಿದ ಸಾಲದ ಕಂತು, ಅವನ ಜಾಗದ ಆರ್‌ಟಿಸಿ, ಮಗಳ ಅಂಕಪಟ್ಟಿ ಎಲ್ಲವೂ ಒಂದು ಕಾಲಕ್ಕೆ ಊರಿನ ಕಪಾಟುಗಳಲ್ಲಿದ್ದವು. ಇಂದು ಅವುಗಳಲ್ಲಿ ಹೆಚ್ಚಿನವು ದೂರದ ಯಾವುದೋ ಕಟ್ಟಡದ ಗಣಕಯಂತ್ರಗಳಲ್ಲಿವೆ. ಈ ಏರ್ಪಾಡಿಗೆ ‘ಕ್ಲೌಡ್ ಕಂಪ್ಯೂಟಿಂಗ್’ ಎಂದು ಹೆಸರು. ಹಿಂದೆ ಎಂಜಿನಿಯರುಗಳು ದೂರವಾಣಿ ಮತ್ತು ಗಣಕ ಜಾಲಗಳ ನಕ್ಷೆ ಬರೆಯುವಾಗ, ಒಳಗಿನ ವಿವರ ಬೇಡವಾದ ಭಾಗವನ್ನು ಒಂದು ಮೋಡದ ಚಿತ್ರದಿಂದ ಸೂಚಿಸುತ್ತಿದ್ದರು. ಆ ಚಿತ್ರವೇ ಹೆಸರಾಗಿ ಉಳಿಯಿತು.

ಮಾಹಿತಿ ತಂತ್ರಜ್ಞಾನದ ಉದ್ಯಮವನ್ನು ಈ ಮೋಡ ಹೇಗೆ ಬದಲಾಯಿಸುತ್ತಿದೆ ಎಂಬ ಪ್ರಶ್ನೆಗೆ ಉತ್ತರವನ್ನು ಸಾಮಾನ್ಯವಾಗಿ ಬೆಂಗಳೂರಿನಲ್ಲಿ ಹುಡುಕುತ್ತಾರೆ. ಆದರೆ ಈ ಮೂರು ತಾಲೂಕುಗಳ ಲೆಕ್ಕದ ಪುಸ್ತಕಗಳ ಚರಿತ್ರೆಯನ್ನು ನೋಡಿದರೂ ವಿಷಯ ಚೆನ್ನಾಗಿ ಅರ್ಥವಾಗುತ್ತದೆ.

ಪುತ್ತೂರಿನ ಕಿರ್ದಿ ಪುಸ್ತಕ

ಭಾರತದಲ್ಲಿ ಸಹಕಾರಿ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಪುತ್ತೂರಿನಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು 1909ರಲ್ಲಿ ಅಲ್ಲಿ ಸಹಕಾರಿ ಟೌನ್ ಬ್ಯಾಂಕನ್ನು ಕಟ್ಟಿದರು. 1914ರಲ್ಲಿ ಅವರ ಮುಂದಾಳುತನದಲ್ಲೇ ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಹುಟ್ಟಿತು. ಜಿಲ್ಲೆಯ ಜನ ಅವರನ್ನು ‘ಸಹಕಾರಿ ಪಿತಾಮಹ’ ಎಂದು ಇಂದಿಗೂ ಸ್ಮರಿಸುತ್ತಾರೆ.

ಆ ಕಾಲದಲ್ಲಿ ಬಡ ರೈತನ ಲೆಕ್ಕ ಇರುತ್ತಿದ್ದದ್ದು ಸಾಲ ಕೊಟ್ಟ ಧಣಿಯ ಪುಸ್ತಕದಲ್ಲಿ. ಅಸಲು ಎಷ್ಟು, ಬಡ್ಡಿ ಎಷ್ಟು, ತೀರಿದ್ದೆಷ್ಟು ಎಂಬುದು ಧಣಿ ಹೇಳಿದಂತೆ. ಸಹಕಾರಿ ಸಂಘ ಕಡಿಮೆ ಬಡ್ಡಿಗೆ ಸಾಲ ಕೊಟ್ಟಿತು. ಅದರ ಜೊತೆಗೆ ಲೆಕ್ಕದ ಪುಸ್ತಕವನ್ನೂ ಸದಸ್ಯರದ್ದನ್ನಾಗಿ ಮಾಡಿತು. ಕಿರ್ದಿಯಲ್ಲಿ ದಿನದ ವ್ಯವಹಾರ, ಖಾತೆಯಲ್ಲಿ ಒಬ್ಬೊಬ್ಬರ ಲೆಕ್ಕ, ಸದಸ್ಯನ ಕೈಯಲ್ಲಿ ಪಾಸ್‌ಬುಕ್. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಎದ್ದು ನಿಂತು ‘ಈ ಖರ್ಚು ಯಾಕೆ?’ ಎಂದು ಕೇಳುವ ಹಕ್ಕು ಒಂದು ಪಾಲು ಇರುವವನಿಗೂ ಇತ್ತು. ಮುಂದೆ ಹೇಳುವ ಮಾತಿಗೆ ಈ ಹಕ್ಕು ಮುಖ್ಯವಾದುದರಿಂದ ಓದುಗರು ಇದನ್ನು ನೆನಪಿಟ್ಟುಕೊಳ್ಳಬೇಕು.

ದಾಖಲೆಯ ಬೆಲೆ ಈ ಜಿಲ್ಲೆಗೆ ಇನ್ನಷ್ಟು ಸ್ಪಷ್ಟವಾದದ್ದು 1974ರ ಭೂ ಸುಧಾರಣೆಯ ಹೊತ್ತಿಗೆ. ದೇವರಾಜ ಅರಸು ಸರ್ಕಾರದ ತಿದ್ದುಪಡಿಯಿಂದ ಗೇಣಿದಾರರು ‘ಡಿಕ್ಲರೇಷನ್’ ಕೊಟ್ಟು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಗೇಣಿ ಚೀಟಿ, ಪಹಣಿಯ ಕಾಲಂನಲ್ಲಿ ಬರೆದಿದ್ದ ಹೆಸರು ಇತ್ಯಾದಿಗಳೇ ಆಗ ಸಾಕ್ಷ್ಯವಾದವು. ತಲೆಮಾರುಗಳಿಂದ ಉತ್ತ ನೆಲ ಯಾರದೆಂದು ತೀರ್ಮಾನವಾಗುವಲ್ಲಿ ಒಂದು ಸಾಲಿನ ಬರವಣಿಗೆಗೂ ಬೆಲೆ ಬಂತು.

ತಾಲೂಕು ಕಚೇರಿಯಿಂದ ಬೆಂಗಳೂರಿಗೆ

ಆ ಪಹಣಿ ಇರುತ್ತಿದ್ದದ್ದು ಗ್ರಾಮಕರಣಿಕರ ಬಳಿ. ಅವರು ಸಿಕ್ಕಿದಾಗ ಪ್ರತಿ, ಸಿಗದಿದ್ದರೆ ಇನ್ನೊಂದು ದಿನ ಬರುವುದು. ಕರ್ನಾಟಕದ ‘ಭೂಮಿ’ ಯೋಜನೆ ಈ ಪದ್ಧತಿಯನ್ನು ಮುರಿಯಿತು. ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಲಾಯಿತು. 2002ರ ಹೊತ್ತಿಗೆ ತಾಲೂಕು ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟವರಿಗೆ ಮುದ್ರಿತ ಆರ್‌ಟಿಸಿ ಸಿಗುತ್ತಿತ್ತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದಾಯಿತು.

ಮೊದಲು ಈ ಮಾಹಿತಿ ಇದ್ದದ್ದು ಆಯಾ ತಾಲೂಕು ಕಚೇರಿಯ ಗಣಕದಲ್ಲೇ. ಬಳಿಕ ಅದನ್ನು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಒಯ್ದರು. ಕಪಾಟಿನಿಂದ ಊರಿನ ಗಣಕಕ್ಕೆ, ಊರಿನ ಗಣಕದಿಂದ ದೂರದ ಕೇಂದ್ರಕ್ಕೆ: ಜಗತ್ತಿನ ಗಣಕ ಉದ್ಯಮ ನಡೆದ ಹಾದಿಯೂ ಇದೇ. ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ರಚಿಸಿದ ಕಡಬ ತಾಲೂಕು 2018ರಲ್ಲಿ ಕಾರ್ಯಾರಂಭ ಮಾಡಿತು. ಗಣಕದಲ್ಲಿರುವ ದಾಖಲೆಯನ್ನು ಒಂದು ತಾಲೂಕಿನಿಂದ ಇನ್ನೊಂದಕ್ಕೆ ಸೇರಿಸಲು ಎತ್ತಿನ ಗಾಡಿಯೂ ಬೇಡ, ಲಾರಿಯೂ ಬೇಡ. ಹಳೆಯ ಕಡತಗಳಿಗೆ ಆ ಸೌಕರ್ಯವಿಲ್ಲ. ಗೆದ್ದಲು, ತೇವಗಳ ಜೊತೆ ಹೋರಾಡುತ್ತಿರುವ ಅಂಥ ಕಡತಗಳನ್ನು ಸ್ಕ್ಯಾನ್ ಮಾಡಿ ಉಳಿಸಲು ರಾಜ್ಯ ಸರ್ಕಾರ 2024ರಲ್ಲಿ ‘ಭೂ ಸುರಕ್ಷಾ’ ಯೋಜನೆ ಆರಂಭಿಸಿತು.

ಬಾಡಿಗೆಯ ಯಂತ್ರ

ಗಣಕ ಶಕ್ತಿಯನ್ನು ಬಾಡಿಗೆಗೆ ಪಡೆಯುವ ಯೋಚನೆ ಹೊಸತಲ್ಲ. 1961ರಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಶತಮಾನೋತ್ಸವದಲ್ಲಿ ಜಾನ್ ಮೆಕಾರ್ಥಿ ಎಂಬ ವಿಜ್ಞಾನಿ, ದೂರವಾಣಿಯಂತೆ ಗಣಕ ಸೇವೆಯೂ ಮುಂದೊಂದು ದಿನ ಸಾರ್ವಜನಿಕ ಸೌಕರ್ಯವಾಗಬಹುದು ಎಂದಿದ್ದರು. ಆಗ ಗಣಕವೆಂದರೆ ಒಂದು ಕೋಣೆ ತುಂಬುವ ಯಂತ್ರ. ಅದರ ಸಮಯವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಮುಂದೆ ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ನಾರಾಯಣ ಮೂರ್ತಿಯವರು ವೃತ್ತಿಯ ಆರಂಭದಲ್ಲಿ ಅಹಮದಾಬಾದಿನ ಐಐಎಂನಲ್ಲಿ ಕೆಲಸ ಮಾಡಿದ್ದು ಇಂಥದೇ ಸಮಯ ಹಂಚಿಕೆಯ ಗಣಕದ ಮೇಲೆ.

1980ರ ದಶಕದಲ್ಲಿ ಯಂತ್ರ ಅಗ್ಗವಾಗಿ ಮೇಜಿನ ಮೇಲೆ ಬಂತು. ಪ್ರತಿ ಕಚೇರಿಯೂ ತನ್ನದೇ ಯಂತ್ರ, ತನ್ನದೇ ತಂತ್ರಾಂಶ ಕೊಳ್ಳತೊಡಗಿತು. ನಮ್ಮ ಬ್ಯಾಂಕುಗಳಲ್ಲೂ ಮೊದಲು ಶಾಖೆಗೊಂದು ಯಂತ್ರ ಬಂದು, 2000ದ ನಂತರ ‘ಕೋರ್ ಬ್ಯಾಂಕಿಂಗ್’ ಬಂದಾಗ ಎಲ್ಲ ಶಾಖೆಗಳ ಲೆಕ್ಕ ಒಂದು ಕೇಂದ್ರಕ್ಕೆ ಹೋಯಿತು. ಪುತ್ತೂರಿನಲ್ಲಿ ಖಾತೆ ಇದ್ದವರು ಮುಂಬೈಯಲ್ಲಿ ಹಣ ತೆಗೆಯುವಂತಾದದ್ದು ಇದರಿಂದಲೇ. 2006ರಲ್ಲಿ ಅಮೆಜಾನ್ ಕಂಪನಿ ತನ್ನ ಗಣಕ ಕೇಂದ್ರಗಳ ಜಾಗ ಮತ್ತು ಶಕ್ತಿಯನ್ನು ಗಂಟೆಯ ಲೆಕ್ಕದಲ್ಲಿ ಹೊರಗಿನವರಿಗೆ ಬಾಡಿಗೆಗೆ ಕೊಡಲು ತೊಡಗಿತು. ಗೂಗಲ್, ಮೈಕ್ರೋಸಾಫ್ಟ್ ಹಿಂಬಾಲಿಸಿದವು. 2014ರಲ್ಲಿ ಭಾರತ ಸರ್ಕಾರ ತನ್ನ ಇಲಾಖೆಗಳಿಗಾಗಿ ‘ಮೇಘರಾಜ್’ ಎಂಬ ಸ್ವಂತ ಮೋಡವನ್ನು ಆರಂಭಿಸಿತು. 2015 ಮತ್ತು 2016ರಲ್ಲಿ ವಿದೇಶಿ ಕಂಪನಿಗಳ ಮೋಡ ಕೇಂದ್ರಗಳು ಭಾರತದ ನೆಲದಲ್ಲೇ ತೆರೆದವು.

ಇದರ ಕೆಲಸವನ್ನು ವಿದ್ಯುತ್ತಿನ ಹೋಲಿಕೆಯಿಂದ ತಿಳಿಯಬಹುದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯುವ ಮೊದಲು ಗಣಿಯವರು ತಮ್ಮದೇ ಉಗಿಯಂತ್ರ ನಡೆಸಬೇಕಿತ್ತು. ತಂತಿ ಬಂದ ಮೇಲೆ ಬಳಸಿದಷ್ಟಕ್ಕೆ ಹಣ ಕೊಟ್ಟರೆ ಸಾಕಾಯಿತು. ಮೋಡದಲ್ಲೂ ಹಾಗೆಯೇ. ಒಂದು ದೊಡ್ಡ ಯಂತ್ರವನ್ನು ತಂತ್ರಾಂಶದ ಮೂಲಕ ಹತ್ತಾರು ‘ಕಲ್ಪಿತ ಯಂತ್ರ’ಗಳಾಗಿ ವಿಭಾಗಿಸುತ್ತಾರೆ. ಒಬ್ಬ ಗಿರಾಕಿಯ ಕೆಲಸ ಇನ್ನೊಬ್ಬನಿಗೆ ಕಾಣುವುದಿಲ್ಲ. ಬೇಕಾದಾಗ ಹೆಚ್ಚು, ಬೇಡವಾದಾಗ ಕಡಿಮೆ. ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ಒಂದು ದಿನಕ್ಕಾಗಿ ವರ್ಷವಿಡೀ ದೊಡ್ಡ ಯಂತ್ರ ಸಾಕುವ ಅಗತ್ಯವಿಲ್ಲ.

ಉದ್ಯಮದಲ್ಲಿ ಆದ ಪಲ್ಲಟ

ಇದರಿಂದ ಮಾಹಿತಿ ತಂತ್ರಜ್ಞಾನ ಉದ್ಯಮದ ವ್ಯಾಪಾರ ಕ್ರಮವೇ ಬದಲಾಯಿತು. ಮೊದಲು ಯಂತ್ರ ಮಾರಾಟ, ತಂತ್ರಾಂಶದ ಪರವಾನಗಿ ಮಾರಾಟ, ಅವನ್ನು ಜೋಡಿಸಿ ಕಾಯುವ ಗುತ್ತಿಗೆ ಎಂದು ಮೂರು ಬಗೆಯ ಆದಾಯವಿತ್ತು. ಬೆಂಗಳೂರಿನ ಕಂಪನಿಗಳು ಬೆಳೆದದ್ದು ಬಹುಪಾಲು ಮೂರನೆಯದರಲ್ಲಿ. ಹೊರದೇಶದ ಗಿರಾಕಿಯ ಸರ್ವರುಗಳನ್ನು ಇಲ್ಲಿಂದಲೇ ಹಗಲು ರಾತ್ರಿ ನೋಡಿಕೊಳ್ಳುವುದು ಸಾವಿರಾರು ಯುವಕರ ಉದ್ಯೋಗವಾಗಿತ್ತು. ಈಗ ಯಂತ್ರ ಗಿರಾಕಿಯದ್ದಲ್ಲ. ಅದನ್ನು ಕಾಯುವ ಕೆಲಸದ ಬಹುಭಾಗವನ್ನು ತಂತ್ರಾಂಶವೇ ಮಾಡುತ್ತದೆ. ಕಂಪನಿಗಳು ಹಳೆಯ ವ್ಯವಸ್ಥೆಯನ್ನು ಮೋಡಕ್ಕೆ ಸಾಗಿಸುವ ಕೆಲಸದ ಕಡೆ ತಿರುಗಿವೆ. ಇನ್ಫೋಸಿಸ್ 2020ರಲ್ಲಿ ‘ಕೋಬಾಲ್ಟ್’ ಎಂಬ ಹೆಸರಿನಲ್ಲಿ ಇದಕ್ಕಾಗಿಯೇ ಸೇವೆಗಳನ್ನು ಒಟ್ಟುಗೂಡಿಸಿತು.

ಸುಳ್ಯದ ಕೆವಿಜಿ ಎಂಜಿನಿಯರಿಂಗ್ ಕಾಲೇಜಿನಿಂದಲೋ ಪುತ್ತೂರಿನ ವಿವೇಕಾನಂದ ಕಾಲೇಜಿನಿಂದಲೋ ಹೊರಬರುವ ವಿದ್ಯಾರ್ಥಿಗೆ ಇದರ ಅರ್ಥ ಎರಡು ಬಗೆ. ಯಂತ್ರ ಕಾಯುವ ಆರಂಭದ ಕೆಲಸಗಳು ಕಡಿಮೆಯಾಗುತ್ತವೆ. ಬೆಂಗಳೂರಿಗೆ ಹೋದೊಡನೆ ಕಲಿಯುತ್ತ ಸಂಬಳ ಪಡೆಯುವ ದಾರಿ ಕಿರಿದಾಗುತ್ತದೆ. ಇನ್ನೊಂದು ಕಡೆ, ಸ್ವಂತ ಉದ್ಯಮ ಆರಂಭಿಸಲು ಲಕ್ಷಗಟ್ಟಲೆ ಹಣದ ಸರ್ವರು ಬೇಡ. ತಿಂಗಳ ಬಾಡಿಗೆ ಕಟ್ಟಿ ಮನೆಯಲ್ಲೇ ಕೆಲಸ ತೊಡಗಬಹುದು, ಮನೆಗೆ ಒಳ್ಳೆಯ ತಂತಿ ಬಂದಿದ್ದರೆ.

ತಂತಿ ಎಲ್ಲಿದೆ?

ಈ ‘ಇದ್ದರೆ’ ಎಂಬ ಮಾತು ಸಣ್ಣದಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಬಳಿಯ ಬಳ್ಳಕ್ಕದಲ್ಲಿ, ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಸುರಿವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತಿದ್ದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಪಾಠ ಮೋಡದಲ್ಲಿತ್ತು. ಅದು ಇಳಿದು ಬರುವ ದಾರಿ ಮನೆಯವರೆಗೆ ಇರಲಿಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ, ಟವರಿನ ಬ್ಯಾಟರಿ ಮುಗಿಯುವುದರೊಳಗೆ ಫೋನಿನ ಕೆಲಸ ಮುಗಿಸಿಕೊಳ್ಳಬೇಕೆಂಬುದು ಘಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಕಿರ್ದಿ ಪುಸ್ತಕಕ್ಕಾದರೆ ಚಿಮಣಿ ದೀಪ ಸಾಕಿತ್ತು.

ಈಗ ಆ ಕಿರ್ದಿಯ ಸರದಿ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಯನ್ನು ಒಪ್ಪಿತು. ಮೋಡದಲ್ಲಿರುವ ಒಂದೇ ತಂತ್ರಾಂಶವನ್ನು ಎಲ್ಲ ಸಂಘಗಳೂ ಬಳಸುವುದು ಇದರ ತಿರುಳು, ನಿರ್ವಹಣೆ ನಬಾರ್ಡಿನದು. ಲಾಭ ಸ್ಪಷ್ಟ. ಲೆಕ್ಕ ತಿದ್ದುವುದು ಕಷ್ಟವಾಗುತ್ತದೆ, ಪರಿಶೋಧನೆ ಬೇಗ ಮುಗಿಯುತ್ತದೆ, ಸಾಲದ ಮಾಹಿತಿ ಮೇಲಿನ ಬ್ಯಾಂಕಿಗೆ ತಡವಿಲ್ಲದೆ ತಲುಪುತ್ತದೆ. ಕಾರ್ಯದರ್ಶಿಯ ಮೇಜಿನ ಖಾನೆಯೊಳಗಿನ ಪುಸ್ತಕದಿಂದ ಕೆಟ್ಟ ಸಂಘಗಳ ಕಥೆ ಕೇಳಿದವರು ಇದನ್ನು ಲಘುವಾಗಿ ಕಾಣಲಾರರು.

ಆದರೆ ಅಪಾಯವೂ ಒಟ್ಟಿಗೇ ಬರುತ್ತದೆ. 2024ರ ಜುಲೈ ಕೊನೆಯಲ್ಲಿ, ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಒಂದು ಕಂಪನಿಯ ವ್ಯವಸ್ಥೆಗೆ ಒತ್ತೆಹಣ ಕೇಳುವ ಕಳ್ಳ ತಂತ್ರಾಂಶ ನುಗ್ಗಿತು. ಮುನ್ನೆಚ್ಚರಿಕೆಯಾಗಿ ಆ ಕಂಪನಿಯ ಸಂಪರ್ಕವನ್ನು ರಾಷ್ಟ್ರೀಯ ಪಾವತಿ ಜಾಲದಿಂದ ಕಡಿದಾಗ, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಗಿರಾಕಿಗಳು ಒಮ್ಮೆಗೇ ತೊಂದರೆಗೊಳಗಾದರು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬೆಂಕಿ ಬಿತ್ತು. ಸರ್ಕಾರಿ ನೌಕರರು ಕಡತಗಳನ್ನು ಇಡುತ್ತಿದ್ದ ಮೋಡದ ಸಂಗ್ರಹ ಸುಟ್ಟುಹೋಯಿತು. 858 ಟೆರಾಬೈಟ್ ಮಾಹಿತಿಗೆ ಬೇರೆ ಕಡೆ ಪ್ರತಿಯೇ ಇರಲಿಲ್ಲ. ಗಣಕ ತಂತ್ರಜ್ಞಾನದಲ್ಲಿ ಮುಂದಿರುವ ದೇಶದ ಕಥೆ ಇದು. ಒಂದು ಊರಿನ ಪುಸ್ತಕವನ್ನು ಗೆದ್ದಲು ತಿಂದರೆ ಒಂದೇ ಊರಿಗೆ ನಷ್ಟ.

ಕೊಕ್ಕೋ ಕಲಿಸಿದ ಪಾಠ

ಎರಡನೆಯ ಅಪಾಯ ಅವಲಂಬನೆಯದು. ಜಗತ್ತಿನ ಮೋಡ ವ್ಯಾಪಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇರುವುದು ಮೇಲೆ ಹೇಳಿದ ಮೂರೇ ಕಂಪನಿಗಳ ಕೈಯಲ್ಲಿ. ಒಬ್ಬರ ಬಳಿ ಇಟ್ಟ ಮಾಹಿತಿ, ತಂತ್ರಾಂಶಗಳನ್ನು ಇನ್ನೊಬ್ಬರ ಬಳಿಗೆ ಸಾಗಿಸುವುದು ದುಬಾರಿ. ಹೀಗಾಗಿ ಬಾಡಿಗೆ ಏರಿದರೂ ಬಿಟ್ಟು ಹೋಗಲಾಗದ ಸ್ಥಿತಿ ಬರುತ್ತದೆ.

ನಮ್ಮ ಸೀಮೆಗೆ ಈ ಅನುಭವ ಬೇರೆ ರೂಪದಲ್ಲಿ ಹಿಂದೆಯೇ ಆಗಿದೆ. 1970ರ ದಶಕದಲ್ಲಿ ಖಾಸಗಿ ಕಂಪನಿಗಳ ಪ್ರೋತ್ಸಾಹದಿಂದ ಅಡಿಕೆ ತೋಟಗಳಲ್ಲಿ ಕೊಕ್ಕೋ ಗಿಡ ನೆಟ್ಟವರಿದ್ದರು. 1980ರ ಹೊತ್ತಿಗೆ ಜಾಗತಿಕ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ ಹಣ್ಣು ಮರದಲ್ಲೇ ಉಳಿಯಿತು. ಆಗ ಕೊಳ್ಳಲು ಮುಂದೆ ಬಂದದ್ದು ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿದ್ದ ಕ್ಯಾಂಪ್ಕೋ ಸಹಕಾರಿ. 1986ರಲ್ಲಿ ಅದು ಪುತ್ತೂರಿನ ಕೆಮ್ಮಿಂಜೆಯಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಹೊರಗಿನವರ ವ್ಯಾಪಾರವನ್ನು ಬೆಳೆಗಾರರು ಆಮೇಲೂ ಬೇಡವೆನ್ನಲಿಲ್ಲ. ಅದು ನಿಂತರೆ ತಮ್ಮದೇ ಆದ ಇನ್ನೊಂದು ದಾರಿ ಇರಬೇಕೆಂದು ನೋಡಿಕೊಂಡರು.

ಮೋಡದ ವಿಷಯದಲ್ಲೂ ಬೇಕಾದುದು ಅಂಥ ವಿವೇಕ. ಮೋಡ ಎಂಬ ಏರ್ಪಾಡು ಒಂದರ್ಥದಲ್ಲಿ ಸಹಕಾರದ ತತ್ತ್ವವೇ: ಒಬ್ಬೊಬ್ಬರಿಗೆ ಎಟುಕದ್ದನ್ನು ಹಲವರು ಸೇರಿ ಬಳಸುವುದು. ವ್ಯತ್ಯಾಸ ಒಡೆತನದಲ್ಲಿದೆ. ಸಂಘದಲ್ಲಿ ಬಳಸುವವನೇ ಪಾಲುದಾರ. ಮೋಡದಲ್ಲಿ ಬಳಸುವವನು ಬಾಡಿಗೆದಾರ. ಗೇಣಿಯ ನೆನಪು ಇನ್ನೂ ಮಾಸದ ಜಿಲ್ಲೆಯವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಮುಂದಿನ ಮಹಾಸಭೆಯಲ್ಲಿ ಸದಸ್ಯರು ಕೇಳಬಹುದಾದ ಮೂರು ಪ್ರಶ್ನೆಗಳಿವೆ. ನಮ್ಮ ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ? ತಂತ್ರಾಂಶ ಒದಗಿಸುವವರು ಬದಲಾದರೆ ನಮ್ಮ ಮಾಹಿತಿಯನ್ನು ಪೂರ್ಣವಾಗಿ ಹಿಂದಕ್ಕೆ ಪಡೆಯಲು ಒಪ್ಪಂದದಲ್ಲಿ ಅವಕಾಶವಿದೆಯೇ? ಮಳೆಗಾಲದಲ್ಲಿ ಮೂರು ದಿನ ಸಂಪರ್ಕ ಕಡಿದರೆ ಕೌಂಟರಿನಲ್ಲಿ ವ್ಯವಹಾರ ನಡೆಯುವುದು ಹೇಗೆ? ಇವನ್ನು ಕೇಳಲು ಗಣಕ ವಿಜ್ಞಾನ ಓದಿರಬೇಕಾಗಿಲ್ಲ. ಶಿವರಾಯರ ಕಾಲದ ಸದಸ್ಯ ಕಿರ್ದಿ ಪುಸ್ತಕ ತೋರಿಸಿ ಎಂದು ಕೇಳುತ್ತಿದ್ದ ಹಕ್ಕಿನಿಂದಲೇ ಇಂದಿನ ಸದಸ್ಯನೂ ಕೇಳಬಹುದು.