ಉಗ್ರಾಣದ ಬೀಗದ ಕೈ

ಕೂಡುಕುಟುಂಬದಲ್ಲಿ ಬಾಳಿದವರಿಗೆ ಉಗ್ರಾಣದ ಬೀಗದ ಕೈಯ ಬೆಲೆ ಗೊತ್ತು. ಅಕ್ಕಿ, ಬೇಳೆ ಎಲ್ಲರದೂ ಹೌದು. ಬೀಗದ ಕೈ ಮಾತ್ರ ಒಬ್ಬರ ಸೆರಗಿನಲ್ಲಿ. ಸಣ್ಣ ವ್ಯಾಪಾರದ ಕಚೇರಿಯಲ್ಲಿ ಆ ಉಗ್ರಾಣಕ್ಕೆ ಫೈಲ್ ಸರ್ವರ್ ಎಂದು ಹೆಸರು. ಬಿಲ್ಲು, ಲೆಕ್ಕ, ಗಿರಾಕಿಗಳ ಪಟ್ಟಿ ಎಲ್ಲ ಅಲ್ಲಿರುತ್ತವೆ. ಉಳಿದ ಕಂಪ್ಯೂಟರುಗಳು ಅಲ್ಲಿಂದಲೇ ತೆಗೆದು, ತಿದ್ದಿ, ಅಲ್ಲಿಗೇ ಹಿಂದಿರುಗಿಸುತ್ತವೆ.

ಕಂಪ್ಯೂಟರು ಒಂದೇ ಇದ್ದಾಗ ಈ ಗೊಡವೆಯಿಲ್ಲ. ಐದಾರು ಆದರೆ ಒಂದೇ ಲೆಕ್ಕಕ್ಕೆ ಐದಾರು ಪ್ರತಿಗಳಾಗಿ, ಸರಿಯಾದದ್ದು ಯಾವುದೆಂದು ಜಗಳ. ಅಮೆರಿಕದ ಯೂಟಾ ರಾಜ್ಯದ ನೋವೆಲ್ ಕಂಪನಿ 1983ರಲ್ಲಿ ತಂದ ನೆಟ್‌ವೇರ್ ಈ ಜಗಳ ಬಿಡಿಸಿತು. ಇಬ್ಬರು ಒಂದೇ ಕಡತಕ್ಕೆ ಒಟ್ಟಿಗೆ ಕೈಹಾಕದಂತೆ ಅದು ಕಾಯುತ್ತಿತ್ತು. ಆದರೆ ಬೆಲೆ ತಲೆಲೆಕ್ಕ. 1996ರಲ್ಲಿ ಮೈಕ್ರೋಸಾಫ್ಟ್ ತಂದ ವಿಂಡೋಸ್ ಎನ್‌ಟಿ 4.0 ಸರ್ವರ್‌ಗೂ ಹೀಗೆಯೇ ಪರವಾನಗಿ ಬೇಕಿತ್ತು. ಆ ದಿನಗಳಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಮುದ್ರಣಾಲಯದಲ್ಲಿ ಹೊಸ ಹುಡುಗಿಯೊಬ್ಬಳನ್ನು ಕೆಲಸಕ್ಕೆ ಸೇರಿಸಬೇಕಾದರೆ ಸಂಬಳದ ಜೊತೆ ಈ ಖರ್ಚನ್ನೂ ಕೂಡಿಸಬೇಕಿತ್ತು. ಒಬ್ಬಳ ಅನ್ನದ ಮಾತು ಅದು.

ಇದಕ್ಕೆ ಬೇರೆ ದಾರಿಯೊಂದು ಆಸ್ಟ್ರೇಲಿಯಾದಲ್ಲಿ ಆಗಲೇ ತೆರೆದಿತ್ತು. ಕ್ಯಾನ್‌ಬೆರಾದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ಆಂಡ್ರ್ಯೂ ಟ್ರಿಡ್ಜೆಲ್‌ಗೆ ತನ್ನ ಕಂಪ್ಯೂಟರಿನಿಂದ ಯುನಿಕ್ಸ್ ಯಂತ್ರದ ಡಿಸ್ಕನ್ನು ಬಳಸಬೇಕಿತ್ತು. ಯಂತ್ರಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತನ್ನು ತಂತಿಯ ಮೇಲೆ ಕದ್ದು ಕೇಳಿ, ಆ ಭಾಷೆ ಕಲಿತು, 1991ರ ಕೊನೆಯಿಂದ 1992ರ ಮೊದಲಿನೊಳಗೆ ತಂತ್ರಾಂಶ ಬರೆದು ಎಲ್ಲರಿಗೂ ಕೊಟ್ಟುಬಿಟ್ಟ. ಆ ಭಾಷೆಯ ಹೆಸರು ಎಸ್‌ಎಂಬಿ. ಮುಂದೆ ಹೆಸರಿಡುವಾಗ ಆ ಮೂರು ಅಕ್ಷರ ಅದೇ ಕ್ರಮದಲ್ಲಿ ಬರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕಿದ್ದು ‘ಸಾಂಬಾ’. ನಮ್ಮ ಸಾಂಬಾರಿಗೂ ಸಾಂಬಶಿವನಿಗೂ ಸಂಬಂಧವಿಲ್ಲ ಅನ್ನಿ! 1991ರಲ್ಲೇ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಆರಂಭಿಸಿದ್ದ. ಎರಡೂ ಸೇರಿದರೆ ಹಳೆಯ ಕಂಪ್ಯೂಟರೇ ಉಗ್ರಾಣ, ತಲೆ ಎಣಿಸುವವರೂ ಇಲ್ಲ.

ಕದ್ದು ಕೇಳಿ ಕಲಿಯುವುದು ಎಷ್ಟು ದಿನ? 2004ರಲ್ಲಿ ಯೂರೋಪಿಯನ್ ಆಯೋಗ ಮೈಕ್ರೋಸಾಫ್ಟಿಗೆ ದಂಡ ಹಾಕಿ, ಸರ್ವರುಗಳ ಮಾತಿನ ವಿವರಗಳನ್ನು ಬೇರೆಯವರಿಗೂ ತಿಳಿಸಬೇಕೆಂದಿತು. 2007ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ವರ್ಷದ ಡಿಸೆಂಬರಿನಲ್ಲಿ 10,000 ಯೂರೊ ಕಟ್ಟಿ ಸಾಂಬಾ ಬಳಗ ಆ ವಿವರಗಳನ್ನು ಪಡೆಯಿತು.

ಹಾಗೆಂದು ಪುಕ್ಕಟೆಯದೇ ಒಳ್ಳೆಯದು ಎನ್ನಲಾರೆ. ಕೆಟ್ಟಾಗ ಸರಿಪಡಿಸುವವರು ಊರಿನಲ್ಲಿ ಇಲ್ಲದಿದ್ದರೆ ಪುಕ್ಕಟೆಯೂ ದುಬಾರಿಯೇ. ಹತ್ತಿರದಲ್ಲಿ ಬಲ್ಲವರಿದ್ದರೆ, ಕೆಲಸದವರು ಹೆಚ್ಚುವ ಅಂದಾಜಿದ್ದರೆ, ಸಾಂಬಾ ಲಾಭ. ಇಲ್ಲದಿದ್ದರೆ ದುಡ್ಡು ಕೊಟ್ಟು ನೆಮ್ಮದಿ ಕೊಳ್ಳುವುದೂ ತಪ್ಪಲ್ಲ.

ಯಾವುದನ್ನೇ ಆರಿಸಿ, ಇನ್ನೊಂದು ಮಾತು ಮರೆಯಬೇಡಿ. ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಸ್ 1988ರ ಲೇಖನದಲ್ಲಿ ಹಲವು ಅಗ್ಗದ ಡಿಸ್ಕುಗಳನ್ನು ಜೋಡಿಸುವ ‘ರೇಡ್’ ಪದ್ಧತಿಯನ್ನು ವಿವರಿಸಿದರು. ಜೋಡಿ ಡಿಸ್ಕಿನಲ್ಲಿ ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ, ನಿಜ. ಆದರೆ ಕೈತಪ್ಪಿ ಅಳಿಸಿದ್ದು ಎರಡರಲ್ಲೂ ಅಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ಬೇರೊಂದು ನಕಲು ತೆಗೆದು, ಕಚೇರಿಯ ಹೊರಗೆ ಇನ್ನೊಬ್ಬರ ಮನೆಯಲ್ಲಿಡಿ. ಆಗಾಗ ಅದನ್ನು ತೆರೆದೂ ನೋಡಿ.