ಗೀಸರ್‌ನಲ್ಲಿ ನೀರು ಕಾಯದಿರುವಿಕೆ

ಬಚ್ಚಲುಮನೆಯ ವಿದ್ಯುತ್ ಗೀಸರ್ ನೀರನ್ನು ಸರಿಯಾಗಿ ಕಾಯಿಸುತ್ತಿಲ್ಲ ಎನ್ನುವ ಮೊದಲು ಅದಕ್ಕೆ ಎಷ್ಟು ಹೊತ್ತು ಬೇಕೆಂಬ ಲೆಕ್ಕ ಗೊತ್ತಿರಬೇಕು. 2 ಕಿಲೋವ್ಯಾಟ್ ಕಾಯಿಲ್ ಇರುವ 15 ಲೀಟರ್ ಗೀಸರ್‌ನಲ್ಲಿ 25 ಡಿಗ್ರಿ ಸೆಲ್ಸಿಯಸ್‌ನ ನೀರು 60 ಡಿಗ್ರಿಗೆ ಬರಲು ಸುಮಾರು 20 ನಿಮಿಷ ಹಿಡಿಯುತ್ತದೆ. ವೋಲ್ಟೇಜ್ 230ರಿಂದ 180ಕ್ಕೆ ಇಳಿದರೆ ಕಾಯಿಲ್‌ಗೆ ಸಿಗುವುದು 1.2 ಕಿಲೋವ್ಯಾಟ್ ಮಾತ್ರ. ಆಗ ಅರ್ಧ ಗಂಟೆ ಕಾಯಬೇಕು. ಇದು ಗೀಸರ್‌ನ ದೋಷವಲ್ಲ.

ನೀರು ಸ್ವಲ್ಪವೂ ಬಿಸಿಯಾಗದಿದ್ದರೆ ಎಂಸಿಬಿ, 16 ಆಂಪಿಯರ್ ಪ್ಲಗ್ ಮತ್ತು ಸಾಕೆಟ್ ನೋಡಬೇಕು. ಸಡಿಲವಾದ ಸಾಕೆಟ್‌ನಲ್ಲಿ ಪಿನ್ನು ಕಾದು ಕಪ್ಪಾಗಿರುವುದು ತೀರಾ ಸಾಮಾನ್ಯ. ಅಲ್ಲಿ ಎಲ್ಲ ಸರಿಯಿದ್ದರೆ ಅನುಮಾನ ಕಾಯಿಲ್, ಥರ್ಮೋಸ್ಟ್ಯಾಟ್, ಇಲ್ಲವೇ ಅತಿಯಾಗಿ ಕಾದಾಗ ವಿದ್ಯುತ್ ಕಡಿಯುವ ಕಟ್‌ಔಟ್ ಮೇಲೆ ಹೋಗುತ್ತದೆ. ಕಟ್‌ಔಟ್ ಮತ್ತೆ ಮತ್ತೆ ಕಡಿಯುತ್ತಿದ್ದರೆ ಬರೀ ಬಟನ್ ಒತ್ತಿ ಸುಮ್ಮನಾಗಬಾರದು. ಥರ್ಮೋಸ್ಟ್ಯಾಟ್ ಕೆಟ್ಟಿರುವ ಸಾಧ್ಯತೆ ಹೆಚ್ಚು.

ನೀರು ಉಗುರುಬೆಚ್ಚಗಾಗಿ ಅಲ್ಲಿಗೇ ನಿಲ್ಲುವ ತೊಂದರೆಗೆ ಕೊಳವೆಬಾವಿಯ ಊರುಗಳಲ್ಲಿ ಮುಖ್ಯ ಕಾರಣ ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು, ಕರಗದ ಕಾರ್ಬೊನೇಟ್ ಆಗಿ ಕಾಯಿಲ್‌ಗೆ ಕಚ್ಚಿಕೊಳ್ಳುತ್ತದೆ. ಬಿಚ್ಚಿ ನೋಡಿದರೆ ಕಾಯಿಲ್ ಗುರುತೇ ಸಿಗದಷ್ಟು ಬಿಳಿ ಹೆಕ್ಕಳೆ, ತೊಟ್ಟಿಯ ತಳದಲ್ಲಿ ಉದುರಿದ ಚೂರು. ಹೆಕ್ಕಳೆ ಶಾಖವನ್ನು ನೀರಿಗೆ ಬಿಡದೆ ಹಿಡಿಯುತ್ತದೆ. ಕಾಯಿಲ್ ಪಕ್ಕದ ಥರ್ಮೋಸ್ಟ್ಯಾಟ್ ಆ ಬಿಸಿಯನ್ನೇ ನೀರಿನ ಬಿಸಿಯೆಂದು ಎಣಿಸಿ ಬೇಗ ಆಫ್ ಆಗಬಹುದು. ಒಳಗೇ ಕುದಿದ ಕಾಯಿಲ್ ಕೊನೆಗೆ ಸುಟ್ಟುಹೋಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಲ್ಲಿ 600ರವರೆಗೆ. ಆ ಮೇಲಿನ ಮಿತಿಯ ಹತ್ತಿರದ ನೀರಿಗೆ ವರ್ಷಕ್ಕೊಮ್ಮೆ ಕಾಯಿಲ್ ಬಿಚ್ಚಿ ತೊಳೆಸುವುದೇ ಸರಿ. ಅದೇ ಹೊತ್ತಿಗೆ ತೊಟ್ಟಿಯನ್ನು ತುಕ್ಕಿನಿಂದ ಕಾಯುವ ಮೆಗ್ನೀಸಿಯಂ ಕಡ್ಡಿ ಸವೆದಿದ್ದರೆ ಬದಲಾಯಿಸಬೇಕು.

ಕೆಲವು ಮನೆಗಳಲ್ಲಿ ಗೀಸರ್ ಸರಿಯಿದ್ದೂ ನಲ್ಲಿಯಲ್ಲಿ ತಣ್ಣೀರು ಬೆರೆತು ಬರುತ್ತದೆ. ಗೀಸರ್ ಸ್ವಿಚ್ ಆಫ್ ಮಾಡಿ, ಅದಕ್ಕೆ ಹೋಗುವ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತಿರುಗಿಸಬೇಕು. ನೀರು ನಿಲ್ಲದೆ ಸುರಿಯುತ್ತಿದ್ದರೆ ಯಾವುದೋ ಮಿಕ್ಸರ್ ನಲ್ಲಿಯ ಒಳಭಾಗ ಸವೆದು ತಣ್ಣೀರು ಬಿಸಿ ಪೈಪಿಗೆ ದಾಟುತ್ತಿದೆ ಎಂದರ್ಥ. ರಿಪೇರಿ ಬೇಕಾದದ್ದು ಆ ನಲ್ಲಿಗೆ.

ಗೀಸರ್ ಹಾಕಿದೊಡನೆ ಇಎಲ್‌ಸಿಬಿ ಬಿದ್ದರೆ ಒಡೆದ ಕಾಯಿಲ್‌ನಿಂದ ನೀರಿಗೆ ಕರೆಂಟ್ ಸೋರುತ್ತಿರಬಹುದು. ಅದನ್ನು ಮತ್ತೆ ಎತ್ತಿ ಸ್ನಾನಕ್ಕೆ ಇಳಿಯಲೇಬಾರದು. ಮುಚ್ಚಳ ಬಿಚ್ಚುವ ಕೆಲಸ ಮೇನ್ ಆಫ್ ಮಾಡಿದ ಮೇಲೆ ಎಲೆಕ್ಟ್ರಿಷಿಯನ್ನನದು.