ಮೊದಲ ಕೇಸ್‌ಗಿಂತ ಮೊದಲೇ ಕೊರೊನಾ ಬಂದಿತ್ತಾ?

"2019ರ ಡಿಸೆಂಬರ್‌ನಲ್ಲೇ ನಂಗೆ ವಿಪರೀತ ಕೆಮ್ಮು, ಜ್ವರ ಇತ್ತು ಕಣೋ. ಅದು ಕೊರೊನಾನೇ ಇರ್ಬೇಕು." ಈ ಮಾತನ್ನ ನೀವೂ ಯಾರ ಬಾಯಲ್ಲಾದ್ರೂ ಕೇಳಿರ್ತೀರಿ. ನಕ್ಕು ಸುಮ್ಮನಾಗಬೇಡಿ. ಇತಿಹಾಸ ಓದೋರಿಗೆ ಇದು ಒಳ್ಳೇ ಪ್ರಶ್ನೆ.

ಮೊದಲು ತಾರೀಖು ನೋಡೋಣ. ಕಾರಣ ಗೊತ್ತಿಲ್ಲದ ನ್ಯುಮೋನಿಯಾದ 27 ಪ್ರಕರಣಗಳಿವೆ ಅಂತ ಚೀನಾದ ವುಹಾನ್ ನಗರದ ಆರೋಗ್ಯ ಆಯೋಗ ಪ್ರಕಟಿಸಿದ್ದು 2019ರ ಡಿಸೆಂಬರ್ 31ಕ್ಕೆ. ವೈರಸ್‌ನ ಜೀನೋಮ್ ಮಾಹಿತಿ ಹೊರಜಗತ್ತಿಗೆ ಸಿಕ್ಕಿದ್ದು 2020ರ ಜನವರಿ 11ರ ಹೊತ್ತಿಗೆ. ಅದು ಸಿಗೋ ತನಕ ಬೇರೆ ದೇಶದ ಲ್ಯಾಬ್‌ಗಳ ಹತ್ರ ಈ ವೈರಸ್ ಹುಡುಕೋ ಟೆಸ್ಟೇ ಇರಲಿಲ್ಲ. ಹಾಗಾಗಿ 'ಮೊದಲ ಕೇಸ್' ಅಂದ್ರೆ ಟೆಸ್ಟ್‌ಗೆ ಸಿಕ್ಕಿಬಿದ್ದ ಮೊದಲನೇ ಮನುಷ್ಯ, ಅಷ್ಟೇ. ಕಾಯಿಲೆ ಅದಕ್ಕೂ ಮುಂಚೆ ಬಂದಿರಬಹುದು.

ಬಂದಿತ್ತು ಕೂಡ. ಫ್ರಾನ್ಸ್ ತನ್ನ ಮೊದಲ ಕೇಸ್‌ಗಳನ್ನ ಘೋಷಿಸಿದ್ದು 2020ರ ಜನವರಿ 24ಕ್ಕೆ. ಆಮೇಲೆ ಪ್ಯಾರಿಸ್ ಹತ್ತಿರದ ವೈದ್ಯರು ಐಸಿಯು ರೋಗಿಗಳ ಹಳೇ ಮಾದರಿಗಳನ್ನ ಫ್ರೀಜರ್‌ನಿಂದ ತೆಗೆದು 14 ಜನರದ್ದನ್ನ ಮತ್ತೆ ಪರೀಕ್ಷೆ ಮಾಡಿದ್ರು. ಒಂದು ಪಾಸಿಟಿವ್! ಆ ರೋಗಿ ಆಸ್ಪತ್ರೆಗೆ ಬಂದಿದ್ದು ಡಿಸೆಂಬರ್ 27ಕ್ಕೆ. ಚೀನಾಕ್ಕೆ ಹೋಗಿ ಬಂದವರೂ ಅಲ್ಲ. ಇಟಲಿಯಲ್ಲಿ ಮಿಲಾನ್, ಟ್ಯೂರಿನ್ ನಗರಗಳ ಚರಂಡಿ ನೀರಲ್ಲಿ, ಡಿಸೆಂಬರ್ 18ರ ಮಾದರಿಯಲ್ಲೇ ವೈರಸ್‌ನ ಗುರುತು ಸಿಕ್ತು.

ಅಮೆರಿಕದ ಮೊದಲ ಸಾವು ಫೆಬ್ರವರಿ ಕೊನೇಲಿ ಆಯ್ತು ಅಂತ ಎಲ್ಲರೂ ನಂಬಿದ್ರು. ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯ ಮರಣೋತ್ತರ ಮಾದರಿಗಳ ಫಲಿತಾಂಶ ಬಂತು. ಅಲ್ಲಿ ಫೆಬ್ರವರಿ 6ಕ್ಕೇ ಒಬ್ಬರು ಕೊರೊನಾದಿಂದ ತೀರಿಕೊಂಡಿದ್ರು.

ನಮ್ಮ ಕಲಬುರಗಿಯನ್ನೇ ತಗೊಳ್ಳಿ. ದೇಶದ ಮೊದಲ ಅಧಿಕೃತ ಕೊರೊನಾ ಸಾವು ಅಲ್ಲಿನ ಹಿರಿಯರೊಬ್ಬರದ್ದು. ಅವರು ತೀರಿಕೊಂಡಿದ್ದು ಮಾರ್ಚ್ 10ಕ್ಕೆ, ಕೊರೊನಾ ಅಂತ ಖಚಿತವಾಗಿದ್ದು ಮಾರ್ಚ್ 12ಕ್ಕೆ. ದಾಖಲೆ ಯಾವಾಗಲೂ ಮನುಷ್ಯನ ಹಿಂದೆ ಓಡ್ತಾ ಬರುತ್ತೆ.

ಹಾಗಂತ ಎಲ್ಲಾ ಹಳೇ ಜ್ವರವೂ ಕೊರೊನಾ ಅಲ್ಲ. 2019ರ ಸೆಪ್ಟೆಂಬರ್‌ನ ರಕ್ತದಲ್ಲೇ ಪ್ರತಿಕಾಯ ಇತ್ತು ಅಂತ ಇಟಲಿಯ ಒಂದು ಅಧ್ಯಯನ ಹೇಳ್ತು. ಮರುಪರೀಕ್ಷೆಯಲ್ಲಿ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಯಾಕಂದ್ರೆ ಮಾಮೂಲಿ ನೆಗಡಿ ತರೋ ಕೊರೊನಾ ವೈರಸ್‌ಗಳೇ ನಾಲ್ಕಿವೆ, ಅವುಗಳ ಪ್ರತಿಕಾಯ ಟೆಸ್ಟನ್ನ ಏಮಾರಿಸಬಹುದು. ಒಂದು ಲೆಕ್ಕ ಹಾಕಿ: ನೂರಕ್ಕೆ ಒಂದು ಸಲ ತಪ್ಪೋ ಟೆಸ್ಟನ್ನ ಕಾಯಿಲೆಯೇ ಬರದ 1000 ಜನಕ್ಕೆ ಮಾಡಿದ್ರೂ 10 ಜನ 'ಪಾಸಿಟಿವ್' ಆಗ್ತಾರೆ.

ವೈರಸ್‌ನ ಜೀನ್‌ಗಳಲ್ಲಾದ ಬದಲಾವಣೆ ಎಣಿಸಿ ವಿಜ್ಞಾನಿಗಳು ಹಿಂದಕ್ಕೆ ಲೆಕ್ಕ ಹಾಕಿದ್ರು. 2021ರಲ್ಲಿ ಬಂದ ಒಂದು ಅಂದಾಜಿನ ಪ್ರಕಾರ ಹುಬೇ ಪ್ರಾಂತ್ಯದ ಮೊದಲ ಸೋಂಕು 2019ರ ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದೊಳಗೆ ಆಗಿರಬೇಕು.

ಈಗ ಆ ಡಿಸೆಂಬರ್ ಕೆಮ್ಮಿನ ವಿಷಯ. ಭಾರತದ ಮೊದಲ ಕೇಸ್ ತ್ರಿಶ್ಶೂರಿನಲ್ಲಿ 2020ರ ಜನವರಿ 30ಕ್ಕೆ, ವುಹಾನ್‌ನಿಂದ ಬಂದ ವಿದ್ಯಾರ್ಥಿಯಲ್ಲಿ. ಅದಕ್ಕೂ ಮೊದಲೇ ಕಾಯಿಲೆ ಊರೆಲ್ಲಾ ಹರಡಿದ್ದಿದ್ರೆ ಆಸ್ಪತ್ರೆಗಳು ಆಗಲೇ ತುಂಬಬೇಕಿತ್ತು. ವುಹಾನ್‌ನಲ್ಲಿ, ಉತ್ತರ ಇಟಲಿಯಲ್ಲಿ ಕೆಲವೇ ವಾರದಲ್ಲಿ ತುಂಬಿದವು. ಇಲ್ಲಿ ಹಾಗಾಗಲಿಲ್ಲ. ಹಾಗಾಗಿ ಆ ಕೆಮ್ಮು ಬಹುಶಃ ಚಳಿಗಾಲದ ಫ್ಲೂ.

ಇದೆಲ್ಲಾ ಯಾಕೆ ಮುಖ್ಯ ಗೊತ್ತಾ? ಟೆಸ್ಟ್ ಬರೋದಕ್ಕಿಂತ ಮುಂಚೆ ಸತ್ತವರು ಯಾವ ಪಟ್ಟಿಯಲ್ಲೂ ಇಲ್ಲ. ಫ್ರೀಜರ್‌ನಲ್ಲಿ ಒಂದು ಮಾದರಿ ಉಳಿದಿದ್ರೆ ಮಾತ್ರ ಅವರ ಕಥೆ ಹೊರಗೆ ಬರುತ್ತೆ. ಮುಂದಿನ ಸಲ ಯಾರಾದ್ರೂ 'ಮೊದಲನೆಯದು' ಅಂದ್ರೆ, ಒಂದೇ ಪ್ರಶ್ನೆ ಕೇಳಿ: ಘಟನೆ ಮೊದಲನೆಯದಾ, ದಾಖಲೆ ಮೊದಲನೆಯದಾ?

ನಿಮ್ಮ ಮನೇಲಿ ಈ ಬಗ್ಗೆ ಏನು ಮಾತಿದೆ? ಕಾಮೆಂಟ್‌ನಲ್ಲಿ ಬರೀರಿ. 👇

#ಇತಿಹಾಸ #ಕೊರೊನಾ #ಕನ್ನಡ